ಒತ್ತಿದರೂ ಕೇಳದ ಪಾಠ

ಮೊನ್ನೆ ಕೂಲರ್ ಶುರು ಮಾಡಿದೆ. ಒಣಗಿದ ಹುಲ್ಲು ನೀರು ಕುಡಿದ ವಾಸನೆಗೆ ಇಂಥದೇ ಕೂಲರ್ ಇದ್ದ, ನಾನು ಕಲಿತ ರಾಯಚೂರಿನ ಕಂಪ್ಯೂಟರ್ ಕೋಣೆ ನೆನಪಾಯಿತು, ಅದರ ಬೆನ್ನಿಗೇ ನಮ್ಮ ಸರ್. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕಂತೆ. ನನ್ನ ಕೈಲಾಗದು.

ನನಗೆ ಕಂಪ್ಯೂಟರ್ ಕಲಿಸಿದ್ದು ಅವರೇ, ಒಪ್ಪುತ್ತೇನೆ. ಮುಂದೆ ಇಬ್ಬರೂ ಸೇರಿ ಹಳ್ಳಿ ಶಾಲೆಗಳಿಗೆ ಪಾಠದ ವೆಬ್‌ಸೈಟ್ ಕಟ್ಟಿದೆವು. ಅದಕ್ಕೆ ಎಲ್ಲರಿಗಿಂತ ಹೆಚ್ಚು ಪುಟ ಬರೆದವರು ಅರಕೇರಾದ ಟೀಚರ್. ಕೂಲಿಯ ಮನೆಯಿಂದ ಓದಿ ಮೇಲೆ ಬಂದ ಹೆಣ್ಣುಮಗಳು. ಭಾನುವಾರ ದೇವದುರ್ಗದ ಬಸ್ಸು ಹಿಡಿದು ಬಂದು, ನನ್ನ ಪಕ್ಕ ಕೂತು, ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಕಲಿತರು. ಪಾಠವನ್ನು ತಾವೇ ಓದಿ ರೆಕಾರ್ಡ್ ಮಾಡಿ, ಒಂದು ಸಾಲಿನ ಸಾದಾ ಲಿಂಕ್ ಬರೆದು ಜೋಡಿಸುತ್ತಿದ್ದರು. ಮಲ್ಲಟದಂಥ ಹಳ್ಳಿಯ ಮಕ್ಕಳು ಮೊಬೈಲಿನಲ್ಲಿ ಒತ್ತಿದರೆ ಅವರ ದನಿ ಕೇಳುತ್ತಿತ್ತು.

ಸರ್‌ಗೆ ಅದು ಹಿಡಿಸಲಿಲ್ಲ. ಎಲ್ಲಿಯದೋ ಒಂದು ಸ್ಟ್ಯಾಂಡರ್ಡ್, ಲಿಂಕ್ ಬರೆಯುವ ಹೊಸ ನಿಯಮವಂತೆ, ಓದಿಕೊಂಡು ಬಂದರು. ಎಚ್‌ಟಿಎಂಎಲ್ ಇರಲಿ, ನಾಳೆ ಹುಟ್ಟುವ ಇನ್ನೊಂದಿರಲಿ, ಎಲ್ಲಕ್ಕೂ ಲಿಂಕ್ ಬರೆಯುವ ರೀತಿ ಒಂದೇ ಆಗಬೇಕಂತೆ. ಟೀಚರ್ ಬರೆದ ಒಂದು ಸಾಲಿನ ಜಾಗಕ್ಕೆ ಆರು ಸಾಲು.

"ಇದನ್ನ ಯಾವ ಬ್ರೌಸರೂ ಓದೂದಿಲ್ರಿ ಸರ್," ಎಂದೆ.

"ಇವತ್ತಿಲ್ಲಂದ್ರ ನಾಳಿ ಓದ್ತಾವ. ನೀ ಸುಮ್ನ ಕೂಡು."

"ಮಕ್ಕಳಿಗೆ ಪಾಠ ಇವತ್ತ ಬೇಕಲ್ರಿ."

ಮಾತಿಗೆ ಮಾತು ಬೆಳೆಯಿತು. ಮುಂದಿನ ವಾರ, ನನ್ನನ್ನು ಕೇಳದೆ, ಅಷ್ಟೂ ಪುಟಗಳ ಲಿಂಕ್‌ಗಳನ್ನು ತಮ್ಮ ರೀತಿಗೆ ಬದಲಾಯಿಸಿಬಿಟ್ಟರು. ಹಳೆಯ ಪ್ರತಿಯನ್ನೂ ಉಳಿಸಲಿಲ್ಲ, ಪುಣ್ಯಾತ್ಮ. ಲಿಂಕ್‌ಗಳೆಲ್ಲ ಬರೀ ಅಕ್ಷರಗಳಾದವು. ಎಷ್ಟು ಒತ್ತಿದರೂ ದನಿ ಇಲ್ಲ. ಆ ಭಾನುವಾರ ಟೀಚರ್ ಬಂದರು. ಅವರೆದುರೇ ನಾವಿಬ್ಬರೂ ಕೂಗಾಡಿದೆವು. ಟೀಚರ್ ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದರು, ಆಮೇಲೆ ಕಾಣಲಿಲ್ಲ… ಮತ್ತೆಂದೂ ಬರಲಿಲ್ಲ. ನಾನು ಸರ್ ಜೊತೆ ಮಾತು ಬಿಟ್ಟೆ, ವೆಬ್‌ಸೈಟ್ ಕೆಲಸವನ್ನೂ ಬಿಟ್ಟೆ.

ವರ್ಷಗಳು ಕಳೆದವು. ಹೋದ ತಿಂಗಳು ಸರ್ ತೀರಿಕೊಂಡರು. ಅವರು ಹೇಳಿದ ಬ್ರೌಸರ್ ಇನ್ನೂ ಹುಟ್ಟಿಲ್ಲ. ಸಿಟ್ಟು ಹಾಗೇ ಇದೆ. ಬೈಯಬೇಕೆಂದರೆ ಈಗ ಎದುರಿಗೆ ಅವರಿಲ್ಲ, ಅದೊಂದು ಸಂಕಟ. ಪುಟಗಳನ್ನೆಲ್ಲ ಒಂದೊಂದಾಗಿ ಮೊದಲಿನಂತೆ ತಿದ್ದಿ, ನಿನ್ನೆ ಟೀಚರ್‌ಗೆ ಫೋನ್ ಮಾಡಿದೆ. ಈಗ ಮಾನ್ವಿಯಲ್ಲಿದ್ದಾರೆ.

"ನಿಮ್ಮ ಲಿಂಕ್ ಎಲ್ಲಾ ಸರಿ ಇದ್ವುರಿ ಟೀಚರ್. ಕೆಡಿಸಿದ್ದು ಸರ್," ಎಂದೆ.



"ಹೌದೇನ್ರಿ… ನಾ ಏನೋ ತಪ್ಪು ಬರದು ಎಲ್ಲಾ ಕೆಟ್ಟದ, ಅದಕ್ಕ ನೀವು ಜಗಳಾಡಾಕತ್ತೀರಿ ಅಂತ ತಿಳಕೊಂಡಿದ್ದೆ. ಅವತ್ತಿನಿಂದ ಕಂಪ್ಯೂಟರ್ ಮುಟ್ಟಿಲ್ರಿ."

ಸರ್ ಅವರನ್ನು ಬೈಯುವ ಭರದಲ್ಲಿ, ತಪ್ಪು ನಿಮ್ಮದಲ್ಲ ಎಂಬ ಒಂದು ಮಾತನ್ನು ಅವತ್ತೇ ಟೀಚರ್‌ಗೆ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.