ಆಕಾಶದ ಕ್ಯಾಪ್ಟನ್ನಿಗೆ ಪಾವಗಡದಲ್ಲೊಂದು ರೂಮು

ಅನುವಾದ ಮಾಡುವಾಗ ಒಮ್ಮೆ ನಾನು ಮೋಸ ಮಾಡಿದ್ದೇನೆ. ಒಂದೆರಡು ಪದ ಆಚೀಚೆಯಾದ ಸಣ್ಣ ಮೋಸವಲ್ಲ. ಭೂಮಿಯಿಂದ ಕೋಟ್ಯಂತರ ಮೈಲಿ ದೂರದಲ್ಲಿ, ಬಾಗಿಲು ತೆರೆಯದ ಕೋಣೆಯಲ್ಲಿ ಕೂತು, ಉಸಿರಾಡಲು ಗಾಳಿ ಎಷ್ಟು ಉಳಿದಿದೆ ಎಂದು ಯೋಚಿಸುತ್ತಿದ್ದ ಹೆಂಗಸೊಬ್ಬಳ ಬಾಯಿಂದ, ಪಾವಗಡದಲ್ಲಿ ಬಾಡಿಗೆ ರೂಮು ಬೇಕೆಂದು ಹೇಳಿಸಿದ್ದೇನೆ.

ಮುಂಗಾರಿಗೆ ಮೊದಲು ಬಿತ್ತನೆಯ ಕಡ್ಲೇಕಾಯಿ ಸುಲಿಯುವುದು ನಮ್ಮ ಗೌಡಗೆರೆ ಕಡೆ ಮನೆಮಂದಿಯೆಲ್ಲ ಕೂತು ಮಾಡುವ ಕೆಲಸ. ಮೆಷಿನ್ನಿಗೆ ಹಾಕಿದರೆ ಬೀಜದ ಮೇಲಿನ ಕೆಂಪು ಸಿಪ್ಪೆ ಹರಿಯುತ್ತದೆ, ಹರಿದದ್ದು ಮೊಳೆಯುವುದಿಲ್ಲ ಎಂಬುದು ಅಜ್ಜಿಯ ಸಿದ್ಧಾಂತ. ಈ ಕೆಲಸಕ್ಕೆ ಅವಳದೇ ಕಟ್ಟಳೆಗಳೂ ಇವೆ. ಸುಲಿಯುವಾಗ ಯಾರಾದರೂ ಒಬ್ಬರು ಕಥೆ ಹೇಳುತ್ತಿರಬೇಕು. ಒಡೆದ ಬೀಜವನ್ನು ತಿನ್ನಬಹುದು, ಇಡೀ ಬೀಜವನ್ನು ಮಾತ್ರ ಬಾಯಿಗೆ ಹಾಕಿಕೊಳ್ಳಕೂಡದು. ಹಾಕಿಕೊಂಡರೆ ಅಜ್ಜಿ ಬೈಯುವುದಿಲ್ಲ. ಅಗಿದು ಮುಗಿಯುವ ತನಕ ಸುಮ್ಮನೆ ಬಾಯನ್ನೇ ನೋಡುತ್ತಾಳೆ. ಅದಕ್ಕಿಂತ ಬೈಗುಳವೇ ವಾಸಿ.

ಕಥೆ ಹೇಳುವುದು ನನಗೆ ಬಾರದು. ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠವನ್ನು ತಡವರಿಸದೆ ಮಾಡುವ ನಾನು ಮನೆಯಲ್ಲಿ ಹೂಂ, ಊಹೂಂ ಎರಡರಲ್ಲೇ ದಿನ ಕಳೆಯುತ್ತೇನೆ. ಇದು ಅಪ್ಪನಿಂದ ಬಂದ ಗುಣ. ಹಾಗಾಗಿ ಈ ಸಲ ನನ್ನ ಪಾಳಿ ಬಂದಾಗ, ನಾನು ಬಿಡದೆ ನೋಡುವ ಬಾಹ್ಯಾಕಾಶದ ಇಂಗ್ಲಿಷ್ ಧಾರಾವಾಹಿಯೊಂದನ್ನು ಟಿವಿಗೆ ಹಾಕಿ, ಕನ್ನಡದಲ್ಲಿ ಹೇಳುತ್ತಾ ಹೋಗುವುದೆಂದು ಒಪ್ಪಂದವಾಯಿತು.

ಆ ಭಾನುವಾರ ಮಧ್ಯಾಹ್ನ ಸಿಕ್ಕ ಕಂತಿನಲ್ಲಿ ಯುದ್ಧವಿಲ್ಲ, ಸ್ಫೋಟವಿಲ್ಲ. ನೌಕೆಯ ಕ್ಯಾಪ್ಟನ್ ಮತ್ತು ಒಂದು ರೋಬೋ ಕೋಣೆಯೊಂದರಲ್ಲಿ ಸಿಕ್ಕಿಬಿದ್ದು ಒಂದು ಗಂಟೆ ಮಾತಾಡುತ್ತಾರೆ, ಅಷ್ಟೇ. ಇಂಥ ಕಂತುಗಳನ್ನು ವಿಮರ್ಶಕರು ಪಾತ್ರಪ್ರಧಾನ ಎಂದು ಹೊಗಳುತ್ತಾರೆ. ಪಟಾಕಿಗೆ ಇಟ್ಟ ದುಡ್ಡು ಮುಗಿದಾಗ ಪಾತ್ರಗಳಿಗೆ ಮನಸ್ಸು ಹುಟ್ಟುತ್ತದೆ ಎಂಬುದು ನನ್ನ ಅನುಮಾನ. ಆದರೂ ನನಗೆ ಇಂಥವೇ ಇಷ್ಟ. ಆ ಕ್ಯಾಪ್ಟನ್ ಕೂಡ ನನ್ನ ಹಾಗೆ, ಒಳಗಿನದನ್ನು ಹೊರಗೆ ಬಿಡುವವಳಲ್ಲ.

ನನ್ನೊಳಗೆ ಆಗ ಇದ್ದದ್ದು ಒಂದೇ ವಿಷಯ. ಸೂರ್ಯನಿಂದ ಹೊರಟ ಬೆಳಕು ಭೂಮಿಗೆ ಬರಲು ಎಂಟು ನಿಮಿಷ ಸಾಕು. ಮನೆಯಿಂದ ಹೊರಟ ನಾನು ಶಿರಾದಲ್ಲಿ ಬಸ್ಸು ಬದಲಿಸಿ ಪಾವಗಡದ ಕಾಲೇಜು ಮುಟ್ಟಲು ಎರಡೂವರೆ ಗಂಟೆ ಬೇಕು. ಅಲ್ಲೇ ಒಂದು ರೂಮು ಮಾಡಿಕೊಳ್ಳಬೇಕು. ನಮ್ಮ ಮನೆಯಿಂದ ಹುಡುಗಿಯೊಬ್ಬಳು ಒಂಟಿಯಾಗಿ ಹೋಗಿ ಇದ್ದದ್ದೇ ಇಲ್ಲ. ನೋಡಿಟ್ಟ ರೂಮನ್ನು ಮನೆಯೊಡತಿ ಮಂಗಳವಾರದ ತನಕ ಮಾತ್ರ ನನಗಾಗಿ ಕಾಯ್ದಿಡುತ್ತೇನೆ ಎಂದಿದ್ದಳು. ಮೂರು ವಾರದಿಂದ ಅಪ್ಪನ ಮುಂದೆ ನಿಂತು ನಿಂತು, ನೀರು ಕುಡಿದು ವಾಪಸ್ಸು ಬರುತ್ತಿದ್ದೆ.

ಪರದೆಯ ಮೇಲೆ ಕ್ಯಾಪ್ಟನ್ ರೋಬೋನನ್ನು ಕೇಳಿದಳು: ಗಾಳಿ ಎಷ್ಟಿದೆ?

ನಾನು ಅನುವಾದಿಸಿದೆ: "ದಿನಾ ಓಡಾಡಿ ಓಡಾಡಿ ಸಾಕಾಗಿದೆ, ಕೆಲಸ ಇರೋ ಗ್ರಹದಲ್ಲೇ ಒಂದು ರೂಮು ಮಾಡ್ಕೋಬೇಕು, ಆದರೆ ಮನೇಲಿ ಕೇಳೋಕೆ ಧೈರ್ಯ ಇಲ್ಲ ಅಂತಿದಾಳೆ ಅಜ್ಜಿ."

"ಅಷ್ಟೊಂದು ಹೇಳುದ್ಲಾ?" ಅಂದಳು ಅಜ್ಜಿ. "ತುಟಿ ಒಂದೇ ಸಲ ಅಲ್ಲಾಡ್ತಲ್ಲಾ?"

"ಇಂಗ್ಲಿಷು ಹಂಗೇ ಅಜ್ಜಿ. ಚಿಕ್ಕದಾಗಿರುತ್ತೆ."

"ಆ ತಗಡಿನೋನು ಏನಂದ?"

"ಕೇಳು, ಯಾರೂ ಬೇಡ ಅನ್ನಲ್ಲ, ಅಂದ."

"ಒಳ್ಳೇ ತಗಡು," ಎಂದು ಅಜ್ಜಿ ಟಿವಿಯ ಸದ್ದು ಅಡಗಿಸಿದಳು. "ಲೇ, ಪಾವಗಡದ ರೂಮಿನಾಗೆ ನೀರು ಬತ್ತದಾ?"

ನನ್ನ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು.

"ಹೆಂಗೆ ಗೊತ್ತಾಯ್ತು ಅಜ್ಜಿ?"

"ಆವಾಗಿನಿಂದ ಏಳು ಇಡೀ ಬೀಜ ನುಂಗಿದೀಯ ಕಣಮ್ಮ. ಹುಟ್ಟಿದಾಗಿನಿಂದ ಒಂದೂ ಮುಟ್ಟಿದೋಳಲ್ಲ. ಆಕಾಶದಾಗಿನ ಹೆಂಗಸಿನ ಸಂಕಟಕ್ಕೆ ಯಾರಾನ ಬಿತ್ತನೆ ಬೀಜ ತಿಂತಾರಾ?"

ಸಂಜೆ ಹೊಲದಿಂದ ಬಂದ ಅಪ್ಪ ಕಾಫಿ ಲೋಟ ಹಿಡಿದು ರಾಶಿಯ ಪಕ್ಕ ಕೂತ. ಈ ಸಲ ಕಥೆ ಹೇಳಿದವಳು ಅಜ್ಜಿ. ಆಕಾಶದಲ್ಲಿ ಒಬ್ಬಳು ಇದ್ದಳಂತೆ, ಬೇರೆ ಗ್ರಹದಲ್ಲಿ ಪಾಠ ಹೇಳುತ್ತಿದ್ದಳಂತೆ, ಓಡಾಡಿ ಸೊರಗಿದ್ದಳಂತೆ. ಅನುವಾದ ನನ್ನದಕ್ಕಿಂತ ಧಾರಾಳವಾಗಿತ್ತು. ಕ್ಯಾಪ್ಟನ್ನಿಗೆ ಅವಳ ಅಜ್ಜಿ ಸಾರಿನಪುಡಿ ಕಟ್ಟಿಕೊಡುವ ಪ್ರಸಂಗವೂ ಬಂತು.

ಅಪ್ಪ ಮೂರು ಕಾಯಿ ಸುಲಿದ. ನಾಲ್ಕನೆಯದನ್ನು ಹಿಡಿದು, ನನ್ನತ್ತ ನೋಡದೆ ಕೇಳಿದ: "ಆ ಗ್ರಹದಿಂದ ಶನಿವಾರ ಬಸ್ಸೈತಾ?"

ಅಜ್ಜಿ ಬೇಕೆಂದೇ ಬಾಯಿ ಮುಚ್ಚಿಕೊಂಡಳು. ಅನುವಾದಕ್ಕೆ ಯಾರೂ ಉಳಿದಿರಲಿಲ್ಲ.

"ಐತಪ್ಪ," ಎಂದೆ. "ಶನಿವಾರ ಶನಿವಾರ ಬತ್ತೀನಿ."

"ಹೂಂ," ಅಂದ ಅಪ್ಪ. ನಮ್ಮ ಮನೆಯ ಭಾಷೆಯಲ್ಲಿ ಅದು ದೀರ್ಘ ಭಾಷಣ.

ಈಗ ಪಾವಗಡದ ರೂಮಿನಲ್ಲಿದ್ದೇನೆ. ಮೊನ್ನೆ ಆ ಕಂತನ್ನು ಕೊನೆತನಕ ನೋಡಿದೆ. ಕ್ಯಾಪ್ಟನ್ ರೋಬೋಗೆ ತನ್ನ ಮನಸ್ಸಿನದೇನನ್ನೂ ಹೇಳುವುದಿಲ್ಲ. ಬಾಗಿಲನ್ನು ಹೊರಗಿನವರು ಮುರಿದು ಅವಳನ್ನು ಕರೆದೊಯ್ಯುತ್ತಾರೆ. ವಿಮರ್ಶಕರು ಮೆಚ್ಚಿರಬಹುದು. ನನಗೇಕೋ ನಮ್ಮ ಮನೆಯ ಕಂತಿನ ಮುಂದೆ ಸಪ್ಪೆ ಎನಿಸಿತು. ಅಷ್ಟರಲ್ಲಿ ಅಜ್ಜಿಯ ಫೋನು ಬಂತು.

"ಅವ್ಳು ಆಚೆಗೆ ಬಂದ್ಲೇನೇ?"

"ಬಂದ್ಲು ಅಜ್ಜಿ."

"ಉಂಡ್ಲಾ?"

ಅದು ಯಾವ ಸಬ್‌ಟೈಟಲಿನಲ್ಲೂ ಇರಲಿಲ್ಲ. ಒಲೆಯ ಮೇಲೆ ಅಜ್ಜಿಯ ಪುಡಿ ಹಾಕಿದ ಸಾರು ಕುದಿಯುತ್ತಿತ್ತು.

"ಇನ್ನೂ ಇಲ್ಲ, ಈಗ ಉಣ್ತಾಳೆ," ಎಂದೆ. ಈ ಸಲ ಅನುವಾದದಲ್ಲಿ ಒಂದಕ್ಷರವೂ ಮೋಸವಿರಲಿಲ್ಲ.