ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ

ಕಳೆದ ಶನಿವಾರ ನಾವು ನಾಲ್ಕು ಜನ ಕುಳಿತು ಇಡೀ ಬೆಳಗ್ಗೆ ಚಪ್ಪಲಿಯ ಬಗ್ಗೆ ಚರ್ಚೆ ಮಾಡಿದೆವು. ಕಟ್ಟಬೇಕಾಗಿರುವುದು ಚಪ್ಪಲಿ ಅಂಗಡಿಯಲ್ಲ. ಹೈಸ್ಕೂಲಿಗೊಂದು ವಿಜ್ಞಾನ ಕಟ್ಟಡ.

ರಾಜಾಜಿನಗರದಲ್ಲಿ ನಾನು ಓದಿದ ಶಾಲೆ ಅದು. ಸಾಲಿನಲ್ಲಿ ನಿಲ್ಲುವುದು, ಗಂಟೆ ಹೊಡೆದ ಕೂಡಲೇ ಬಾಯಿ ಮುಚ್ಚುವುದು, ಎಲ್ಲವನ್ನೂ ಕಲಿತದ್ದು ಅಲ್ಲೇ. ಆ ಅಭ್ಯಾಸಗಳು ಇವತ್ತಿಗೂ ಹೋಗಿಲ್ಲ (ಬಾಯಿ ಮುಚ್ಚುವುದೊಂದನ್ನು ಬಿಟ್ಟು). ಕಟ್ಟಡ ಸಮಿತಿಗೆ ನನ್ನನ್ನು ಸೇರಿಸಿಕೊಂಡದ್ದೂ ಅದಕ್ಕೇ ಇರಬೇಕು. ಹತ್ತು ಗಂಟೆಯ ಸಭೆಗೆ ಹತ್ತು ಗಂಟೆಗೇ ಬಂದವಳು ನಾನೊಬ್ಬಳೇ. ಇದೂ ಹೊಸದೇನಲ್ಲ.

ಆರ್ಕಿಟೆಕ್ಟ್ ಸಹನಾ ಸ್ಟಾಫ್ ರೂಮಿನ ಮೇಜಿನ ಮೇಲೆ ಪ್ಲಾನ್ ಹರಡಿದಳು. ಚುರುಕು ಹುಡುಗಿ. ಕೆಳಗೆ ಕೆಮಿಸ್ಟ್ರಿ ಲ್ಯಾಬ್, ಮೇಲೆ ಇನ್ನೆರಡು. ಗಾಳಿ, ಬೆಳಕು, ಸಿಂಕು, ಎಲ್ಲ ಇತ್ತು. ಅಧ್ಯಕ್ಷ ನಂಜುಂಡಪ್ಪನವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಚಪ್ಪಲಿ ಎಲ್ಲಿ ಬಿಡೋದಮ್ಮ?"

"ಯಾಕ್ ಬಿಡ್ಬೇಕು ಸಾರ್?"

ಯಾಕೆ ಬಿಡಬೇಕು ಎಂದು ನಮ್ಮ ಕಡೆ ಯಾರಾದರೂ ಕೇಳುತ್ತಾರೆಯೇ? ನಮ್ಮ ರಸ್ತೆಯ ಕ್ಲಿನಿಕ್ಕಿನಲ್ಲಿ ಜ್ವರದಿಂದ ನಡುಗುವವರೂ ಚಪ್ಪಲಿ ಬಿಟ್ಟೇ ಡಾಕ್ಟರ ಹತ್ತಿರ ಹೋಗಬೇಕು. ಶಾಲೆಗೆ ಕಂಪ್ಯೂಟರ್ ಬಂದಾಗ ಅದರ ಕೋಣೆಗೆ ಮೊದಲು ಬಂದದ್ದು ಕರೆಂಟಲ್ಲ, 'ಪಾದರಕ್ಷೆ ಹೊರಗೆ ಬಿಡಿ' ಎಂಬ ಬೋರ್ಡು. ಬೆಲೆಬಾಳುವುದು ಯಾವುದಿದ್ದರೂ ಅದರ ಮುಂದೆ ನಾವು ಬರಿಗಾಲು.

ನಾನಂತೂ ಸುಮ್ಮನಿರಲಿಲ್ಲ. ವರಾಂಡದ ಉದ್ದಕ್ಕೂ ಮರದ ಗೂಡುಗಳಿರಲಿ, ಸೆಕ್ಷನ್‌ಗೊಂದು ಬಣ್ಣ, ಹುಡುಗಿಯರು ಎಡಕ್ಕೆ, ಹುಡುಗರು ಬಲಕ್ಕೆ ಎಂದು ಅಲ್ಲೇ ಏರ್ಪಾಡು ಹೇಳಿಬಿಟ್ಟೆ. ಸಹನಾ ಪೆನ್ಸಿಲಿನಲ್ಲಿ ಗೂಡು ಬರೆಯುತ್ತಾ ಹೋದಳು. ಒಂದು ಕಡೆ ನಿಲ್ಲಿಸಿದಳು.

"ಆಂಟಿ, ನಿಮ್ಮ ಗೂಡು ಕೆಮಿಸ್ಟ್ರಿ ಲ್ಯಾಬಿನ ಎರಡನೇ ಬಾಗಿಲು ಮುಚ್ಚಿಬಿಡ್ತು."

"ಒಂದು ಬಾಗಿಲು ಸಾಲದೇನಮ್ಮ?"

"ಬೆಂಕಿ ಹೊತ್ಕೊಂಡ್ರೆ ಸಾಲಲ್ಲ."

"ಲೈನಾಗಿ ಆಚೆ ಬರ್ಲಿ," ಎಂದೆ.

ಅದುವರೆಗೆ ಮಾತಾಡದೆ ಕುಳಿತಿದ್ದವರು ವಿಜ್ಞಾನದ ಟೀಚರ್ ವಿನುತಾ. ಪ್ಲಾನಿನ ಮೇಲೆ ಅಂಗೈ ಇಟ್ಟರು.

"ಬಾಗಿಲಿನ ವಿಷ್ಯ ಆಮೇಲೆ ಸಾರ್. ಈಗಿನ ಲ್ಯಾಬಲ್ಲೂ ಮಕ್ಕಳು ಬರಿಗಾಲಲ್ಲೇ ಇರ್ತಾರೆ. ಟೆಸ್ಟ್ ಟ್ಯೂಬ್ ಒಡೆಯತ್ತೆ, ಆಸಿಡ್ ಚೆಲ್ಲತ್ತೆ. ಅದಕ್ಕೇ ಹತ್ತನೇ ಕ್ಲಾಸಿನವರಿಗೂ ಎಲ್ಲಾ ನಾನೇ ಮಾಡಿ ತೋರಿಸ್ತೀನಿ. ಒಂದು ಮಗೂನೂ ಇದುವರೆಗೆ ತನ್ನ ಕೈಯಾರೆ ಒಂದು ಪ್ರಯೋಗ ಮಾಡಿಲ್ಲ. ಹೊಸ ಬಿಲ್ಡಿಂಗಲ್ಲೂ ಹಿಂಗೇ ಅಂದ್ರೆ, ಅಲ್ಲೂ ನಾನೊಬ್ಳೇ ಮಾಡ್ತೀನಿ. ಅವರು ನೋಡ್ತಾರೆ."

"ಒಡೆಯದ ಹಾಗೆ ನೋಡ್ಕೊಳ್ಳಿ ಮೇಡಂ," ಎಂದರು ಅಧ್ಯಕ್ಷರು.

"ಅದನ್ನೇ ಮಾಡ್ತಾ ಇದೀನಿ ಸಾರ್. ಅವರ ಕೈಗೇ ಕೊಡ್ತಾ ಇಲ್ಲ."

ನಾನು ರಾಜಿಗೆ ಇಳಿದೆ. "ಸಾಕ್ಸ್ ಹಾಕ್ಕೊಂಡಿರ್ಲಿ ಬಿಡಿ."

"ಆಸಿಡ್ ಬಿದ್ರೆ ಸಾಕ್ಸ್ ಹೀರ್ಕೊಂಡು ಕಾಲಿಗೆ ಅಂಟ್ಕೊಂಡಿರತ್ತೆ ಅಮ್ಮ. ಬರಿಗಾಲೇ ವಾಸಿ."

ಗೂಡುಗಳ ಕಡೆ ನೋಡುವುದನ್ನು ನಾನು ನಿಲ್ಲಿಸಿದೆ.

ಆದರೆ ಅಧ್ಯಕ್ಷರ ಮನಸ್ಸಿನಲ್ಲಿದ್ದದ್ದು ನೆಲ. ಮುಖ ಕಾಣುವಂಥ ಪಾಲಿಶ್ ಗ್ರಾನೈಟು ಆಗಲೇ ನೋಡಿಟ್ಟಿದ್ದರಂತೆ. ಅದರ ಮೇಲೆ ಧೂಳಿನ ಬೂಟೇ? ನೀರು ಬಿದ್ದರೆ ಜಾರುತ್ತದೆ, ಒರಟು ಟೈಲ್ಸ್ ಹಾಕೋಣ ಎಂದಳು ಸಹನಾ.

"ಅದು ಬಚ್ಚಲಿಗೆ ಹಾಕೋದಲ್ವೇನಮ್ಮ?" ಎಂದರು ಅಧ್ಯಕ್ಷರು.

ನಂಜುಂಡಪ್ಪನವರಿಗೆ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಲೇತ್ ವರ್ಕ್‌ಶಾಪ್ ಇದೆ. ವಿನುತಾ ಮೆಲ್ಲಗೆ ಕೇಳಿದರು.

"ನಿಮ್ಮ ವರ್ಕ್‌ಶಾಪಲ್ಲಿ ಹುಡುಗ್ರು ಬರಿಗಾಲಲ್ಲಿ ಕೆಲಸ ಮಾಡ್ತಾರಾ ಸಾರ್?"

"ಛೆ, ಬೂಟಿಲ್ದೆ ಒಳಗೇ ಬಿಡಲ್ಲ. ಕಬ್ಬಿಣದ ಚೂರು ಬಿದ್ದಿರತ್ತಲ್ಲ." ಹೆಮ್ಮೆಯಿಂದಲೇ ಹೇಳಿದರು. ಹೇಳಿದ ಮೇಲೆ ಗೊತ್ತಾಯಿತು. ತಕ್ಷಣ ಸರಿಪಡಿಸಿಕೊಂಡರು. "ಅದು ಬೇರೆ ಮೇಡಂ. ಅದು ಕೆಲಸ. ಇದು ವಿದ್ಯೆ."

"ಇಲ್ಲೂ ಕೆಲಸಾನೇ ಸಾರ್. ನಾವಿನ್ನೂ ಶುರು ಮಾಡಿಲ್ಲ, ಅಷ್ಟೇ."

ಕಾಫಿ ಬಂತು, ಕುಡಿದೆವು. ವಿದ್ಯೆಯನ್ನು ದೇವರು ಮಾಡುವುದರಲ್ಲಿ ನಮಗೊಂದು ಅನುಕೂಲವಿದೆ. ದೇವರಿಗೆ ಕೈ ಮುಗಿದರೆ ಸಾಕು, ಮುಟ್ಟಬೇಕಾಗಿಲ್ಲ. ಹೀಗೆ ಕೈ ಮುಗಿದು ಮುಗಿದೇ ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಪ್ರಯೋಗದ ಚಿತ್ರ ಬಿಡಿಸಿ, ಭಾಗಗಳ ಹೆಸರು ಬರೆದು, ಪೂರ್ತಿ ಅಂಕ ತರುತ್ತಾರೆ. ಬರ್ನರ್ ಹಚ್ಚಲು ಹೇಳಿ ನೋಡಿ. ಎರಡು ಹೆಜ್ಜೆ ಹಿಂದೆ ಹೋಗುತ್ತಾರೆ.

ಕೊನೆಗೆ ಅಧ್ಯಕ್ಷರೇ ಸಹನಾಳ ರಬ್ಬರ್ ತೆಗೆದುಕೊಂಡು ನನ್ನ ಗೂಡುಗಳನ್ನು ಅಳಿಸಿದರು (ನನ್ನನ್ನೊಂದು ಮಾತು ಕೇಳಬಹುದಿತ್ತು). ಎರಡನೇ ಬಾಗಿಲು ಕಾಣಿಸಿತು. ಬೂಟು ಹಾಕಿಕೊಂಡೇ ಒಳಗೆ, ನೆಲಕ್ಕೆ ಒರಟು ಟೈಲ್ಸ್ ಎಂದು ತೀರ್ಮಾನವಾಯಿತು. ಪಾಲಿಶ್ ಗ್ರಾನೈಟು ಅಧ್ಯಕ್ಷರ ಸಮಾಧಾನಕ್ಕೆ ಮುಂಬಾಗಿಲ ಮೆಟ್ಟಿಲಿಗೆ ಹೋಯಿತು. ಅಲ್ಲೂ ಬೇಡ, ಮಳೆಯಲ್ಲಿ ಜಾರುತ್ತದೆ ಎಂದು ಸಹನಾ ಬಾಯಿ ತೆರೆದಳು. ನಾನು ಮೇಜಿನ ಕೆಳಗೆ ಅವಳ ಕಾಲು ಒತ್ತಿದೆ. ಅದು ಮುಂದಿನ ಶನಿವಾರದ ಜಗಳ.

ಎದ್ದು ಹೊರಡುವಾಗ ಅಧ್ಯಕ್ಷರು ಮತ್ತೆ ವಿನುತಾರ ಕಡೆ ತಿರುಗಿದರು. "ಆದ್ರೂ ಮೇಡಂ, ನೆಲ ಕಲೆ ಆಗದ ಹಾಗೆ ಸ್ವಲ್ಪ ನೋಡ್ಕೊಳ್ಳಿ."

"ಕಲೆ ಆಗೇ ಆಗತ್ತೆ ಸಾರ್," ಎಂದರು ವಿನುತಾ. ಮುಖದಲ್ಲಿ ಅಂಥ ಸಂತೋಷ ನಾನು ಆ ದಿನ ಮೊದಲ ಸಲ ನೋಡಿದೆ.

ಒಂದು ಕಲೆಯೂ ಬೀಳದ ಲ್ಯಾಬನ್ನು ಲ್ಯಾಬ್ ಎಂದು ಯಾಕಾದರೂ ಕರೆಯಬೇಕು?