ಅಂಜಿನಯ್ಯ ತಿರುವಿದ ಬಿಲ್ಲೆ

ಅಂಜಿನಯ್ಯನನ್ನು ಬೈಯುವವರು ಹೊಸಪೇಟೆಯಲ್ಲೂ ಇರಲಿಲ್ಲ, ಸಂಡೂರಿನಲ್ಲೂ ಇರಲಿಲ್ಲ. ಗುಡ್ಡದ ಮೇಲಿನ ಒಂದು ಖಾಸಗಿ ಗಣಿಯಲ್ಲಿ ಅರ್ಧ ಆಯುಷ್ಯ ಟೈಮ್‌ಕೀಪರ್ ಆಗಿದ್ದ ಮನುಷ್ಯನ ಬಗ್ಗೆ ಹೀಗೆ ಹೇಳುವುದು ಸಣ್ಣ ಮಾತಲ್ಲ. ಆ ಕುರ್ಚಿಯಲ್ಲಿ ಕೂತು ಕೂಲಿಗಳಿಂದ ಶಾಪ ಹಾಕಿಸಿಕೊಳ್ಳದೆ ಎದ್ದು ಬಂದವರು ಕಡಿಮೆ. ಅವನು ಬಂದ. ಅದಕ್ಕೆ ಕಾರಣ ಹಿತ್ತಾಳೆ ಬಿಲ್ಲೆಗಳು.

ಗಣಿಯ ಗೇಟಿನಲ್ಲಿ ಒಂದು ದೊಡ್ಡ ಹಲಗೆ ಇತ್ತು. ಹಲಗೆಯ ತುಂಬ ಮೊಳೆ, ಮೊಳೆಗೊಂದು ಬಿಲ್ಲೆ, ಬಿಲ್ಲೆಗೊಬ್ಬ ಕೂಲಿ. ಕೆಲಸಕ್ಕೆ ಬಂದವರು ತಮ್ಮ ಬಿಲ್ಲೆ ತಿರುವಿ ಹಾಕಿ ಒಳಗೆ ಹೋಗಬೇಕು. ಮೂರು ದಿನ ಬಿಲ್ಲೆ ತಿರುಗದಿದ್ದರೆ ಮೇಸ್ತ್ರಿ ಬಂದು ಆ ಮೊಳೆಯ ಪಕ್ಕ ಕೆಂಪು ಸೀಮೆಸುಣ್ಣದಿಂದ ಗೀಟು ಎಳೆಯುತ್ತಿದ್ದ. ಗೀಟು ಬಿತ್ತೆಂದರೆ ಮುಗಿಯಿತು, ಬಿಲ್ಲೆ ಬೇರೆಯವರ ಪಾಲು. ಅಂಜಿನಯ್ಯ ಬಸ್ಸು ತಪ್ಪಿದವರ, ಕೂಸಿಗೆ ಜ್ವರ ಬಂದವರ, ಕುಡಿದು ಮಲಗಿದವರ ಬಿಲ್ಲೆಯನ್ನೆಲ್ಲ ಮೇಸ್ತ್ರಿಯ ಕಣ್ಣು ತಪ್ಪಿಸಿ ತಾನೇ ತಿರುವಿಬಿಡುತ್ತಿದ್ದ. ತನ್ನ ಗಂಟೇನು ಹೋಗುತ್ತದೆ ಎನ್ನುವುದು ಅವನ ಲೆಕ್ಕ. ಎಷ್ಟೋ ಮನೆಗಳ ಒಲೆ ಅವನ ಬೆರಳಿನಿಂದ ಉರಿದಿದ್ದು ನಿಜ.

ನಿವೃತ್ತನಾದಾಗ ಅದಿರಿನ ದರ ಆಕಾಶಕ್ಕೆ ಏರಿತ್ತು. ನಿನ್ನೆ ಸೈಕಲ್ ತುಳಿಯುತ್ತಿದ್ದವರು ಇವತ್ತು ಲಾರಿ ಮಾಲೀಕರು. ಅಂಜಿನಯ್ಯನಿಗೆ ಲಾರಿ ಕೊಳ್ಳುವ ಯೋಗವೂ ಇರಲಿಲ್ಲ, ಮನೆಯಲ್ಲಿ ಸುಮ್ಮನೆ ಕೂತು ಹೆಂಡತಿ ಹಂಪಮ್ಮನ ತಲೆ ತಿನ್ನುವ ಧೈರ್ಯವೂ ಇರಲಿಲ್ಲ. ಅದೇ ಹೊತ್ತಿಗೆ ಹೊಸಪೇಟೆಯ ಸ್ಟೇಷನ್ ರಸ್ತೆಯ ಒಂದು ಅಕ್ಕಿ ಗೋದಾಮಿನ ಮಾಳಿಗೆಯ ಮೇಲೆ ಕಂಪ್ಯೂಟರ್ ಕಾಲೇಜು ಶುರುವಾಯಿತು. ಕಾಲೇಜು ಎಂದರೆ ಮೇಷ್ಟ್ರಿಲ್ಲ, ಕರಿಹಲಗೆಯಿಲ್ಲ. ಗೋಡೆಯುದ್ದಕ್ಕೂ ಕಂಪ್ಯೂಟರ್, ಕಿವಿಗೆ ಹೆಡ್‌ಫೋನು. ನೆಲೆ ಕಳೆದುಕೊಂಡು ಬಂದವರ ಮಕ್ಕಳಿಗೂ ಕೂಲಿಯವರ ಮಕ್ಕಳಿಗೂ ಖರ್ಚೆಲ್ಲ ತಾನೇ ಹಾಕಿ ಇಂಟರ್ನೆಟ್ಟಿನಲ್ಲೇ ಡಿಗ್ರಿ ಓದಿಸುವುದಾಗಿ ಒಂದು ಟ್ರಸ್ಟು ಮುಂದೆ ಬಂದಿತ್ತು. ಸಿಂಧನೂರಿನ ಬಂಗಾಳಿ ನಿರಾಶ್ರಿತರ ಕ್ಯಾಂಪಿನ ಇಬ್ಬರು, ಕಂಪ್ಲಿಯ ಕಬ್ಬು ಕಡಿಯುವವರ ಮಕ್ಕಳು, ಹಂಪಿ ಬಜಾರಿನಲ್ಲಿ ಎಳನೀರು ಮಾರುವವಳ ಮಗಳು, ಹೀಗೆ ಒಂದು ಗುಂಪು. ಬಾಗಿಲು ತೆಗೆದು, ಕರೆಂಟು ಹೋದರೆ ಜನರೇಟರ್ ಹಾಕಿ, ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಅಂಜಿನಯ್ಯನದು.

ಅವರಲ್ಲಿ ಸುಂಕಲಮ್ಮ ಸಂಡೂರಿನವಳು. ತಾಯಿ ಭೀಮವ್ವ ಗುಡ್ಡದಡಿಯಲ್ಲಿ ಅದಿರಿನ ಕಲ್ಲು ಆರಿಸಿ ಬುಟ್ಟಿಗೆ ತುಂಬುವ ಕೂಲಿ. ಅಂಜಿನಯ್ಯ ಆ ಭೀಮವ್ವನ ಬಿಲ್ಲೆಯನ್ನೂ ಒಂದು ಕಾಲದಲ್ಲಿ ತಿರುವಿದವನೇ. ಹುಡುಗಿ ದಿನಾ ಬಸ್ಸಿಗೆ ಬಂದು, ಕಂಪ್ಯೂಟರ್ ಮುಂದೆ ಕೂತರೆ ಊಟದ ಡಬ್ಬಿ ತೆಗೆಯುವುದನ್ನೂ ಮರೆಯುತ್ತಿದ್ದಳು. ಆ ಸೀಟು ಅವಳಿಗೆ ಎಂಥದ್ದು ಎಂಬುದು ಅಂಜಿನಯ್ಯನಿಗೆ ಅವಳಷ್ಟೇ ಚೆನ್ನಾಗಿ ಗೊತ್ತಿತ್ತು. ಅದು ಹೋದರೆ ಅವಳಿಗೆ ಉಳಿಯುವುದು ತಾಯಿಯ ಬುಟ್ಟಿ.

ಮೊದಲ ದಿನ ಬೆಂಗಳೂರಿನಿಂದ ಶ್ರೀಪ್ರಿಯಾ ಮೇಡಂ ಪರದೆಯ ಮೇಲೆ ಬಂದು ಮಾತಾಡಿದರು. ಪಾಠಗಳ ಹೊಣೆ ಅವರದು. ಒಂದು ವಾರ ಯಾರಾದರೂ ಪಾಠ ತೆರೆಯದಿದ್ದರೆ ಅವರ ಹೆಸರು ನನ್ನ ಪರದೆಯ ಮೇಲೆ ಕೆಂಪಾಗುತ್ತದೆ, ಕೆಂಪಾದರೆ ನಾನು ಅವರನ್ನು ಹುಡುಕಿಕೊಂಡು ಬರುತ್ತೇನೆ ಎಂದು ನಗುತ್ತ ಹೇಳಿದರು. ಮಕ್ಕಳು ನಕ್ಕರು. ಹಿಂದೆ ನಿಂತಿದ್ದ ಅಂಜಿನಯ್ಯನ ಕಣ್ಣ ಮುಂದೆ ಕೆಂಪು ಸೀಮೆಸುಣ್ಣದ ಗೀಟು ಬಂತು. ಮೇಸ್ತ್ರಿಯೂ ಹಾಗೇ ನಗುತ್ತ ಹೇಳುತ್ತಿದ್ದ.

ದಸರೆ ಮುಗಿದ ಮೇಲೆ ಸುಂಕಲಮ್ಮನ ಫೋನು ಬಂತು. ಭೀಮವ್ವನ ಕಾಲ ಮೇಲೆ ಕಲ್ಲು ಉರುಳಿತ್ತು. ತಾಯಿಯ ಜಾಗದಲ್ಲಿ ತಾನು ನಿಲ್ಲದಿದ್ದರೆ ಒಲೆ ಹೊತ್ತುವುದಿಲ್ಲ, ಸ್ವಲ್ಪ ದಿನ ಬರಲಾಗುವುದಿಲ್ಲ, ಮೇಡಂಗೆ ತಿಳಿಸಿ ಎಂದಳು.

“ನೀ ಏನೂ ಚಿಂತಿ ಮಾಡಬ್ಯಾಡವ್ವ,” ಎಂದ ಅಂಜಿನಯ್ಯ. “ಇಲ್ಲಿ ನಾ ಅದೀನಿ.”

ಮೇಡಂಗೆ ತಿಳಿಸಲಿಲ್ಲ. ತಿಳಿಸುವುದೆಂದರೆ ತಾನೇ ಸೀಮೆಸುಣ್ಣ ತೆಗೆದುಕೊಟ್ಟಂತೆ ಎಂದು ಅವನಿಗನ್ನಿಸಿತು. ಎಲ್ಲರ ಪಾಸ್‌ವರ್ಡುಗಳನ್ನೂ ಶುರುವಿನಲ್ಲಿ ಮಾಡಿಕೊಟ್ಟವನು ಅವನೇ. ಮರುದಿನ ಸುಂಕಲಮ್ಮನ ಕಂಪ್ಯೂಟರ್ ಮುಂದೆ ಕೂತು, ಒಂದೇ ಬೆರಳಿನಲ್ಲಿ ಅವಳ ಹೆಸರು ಒತ್ತಿ, ಪಾಠ ಹಚ್ಚಿ ಬಿಟ್ಟ. ಖಾಲಿ ಕುರ್ಚಿಗೆ ಪಾಠ ನಡೆಯಿತು. ಅದರ ಮರುದಿನವೂ ನಡೆಯಿತು. ನಡುನಡುವೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಚೀಟಿಯಂಥದ್ದು ತೇಲಿ ಬರುತ್ತಿತ್ತು. ಮೂಲೆಯ ಗುಣಾಕಾರದ ಗುರುತು ಒತ್ತಿದರೆ ಹೋಗುತ್ತಿತ್ತು. ಅವನು ಒತ್ತುತ್ತಿದ್ದ. ಸುಂಕಲಮ್ಮ ಇನ್ನೊಮ್ಮೆ ಫೋನು ಮಾಡಿ ಕೇಳಿದಾಗ, ಎಲ್ಲ ನಾನು ನೋಡಿಕೊಂಡಿದ್ದೇನೆ ಎಂದ. ಹಾಗೆ ಹೇಳುವಾಗ ಅವನಿಗೆ ಹಳೆಯ ಗೇಟಿನ ಸುಖ ಮತ್ತೆ ಸಿಕ್ಕಿತ್ತು. ವಯಸ್ಸಾದರೂ ತನ್ನಿಂದ ಒಬ್ಬರಿಗೆ ಉಪಕಾರವಾಗುತ್ತಿದೆ ಎಂಬ ಹಮ್ಮು ಬೇರೆ.

ಸಂಕ್ರಾಂತಿ ಕಳೆದು ಶ್ರೀಪ್ರಿಯಾ ಮೇಡಂ ತಾವೇ ಫೋನು ಮಾಡಿದರು. ಸುಂಕಲಮ್ಮನನ್ನು ಕೈಬಿಡಬೇಕಾಗಿದೆ, ಬೇಜಾರಾಗುತ್ತಿದೆ ಎಂದರು. ಹುಡುಗಿ ದಿನಾ ಬರುತ್ತಾಳೆ, ಒಂದು ಪಾಠವನ್ನೂ ಬಿಟ್ಟಿಲ್ಲ, ಆದರೆ ಒಂದು ಪ್ರಶ್ನೆಗೂ ಉತ್ತರ ಬರೆದಿಲ್ಲ. ಏನು ಕಷ್ಟ ಎಂದು ಎಷ್ಟು ಸಲ ಬರೆದು ಕೇಳಿದರೂ ಓದಿ ಸುಮ್ಮನಾಗಿದ್ದಾಳೆ. ಮನಸ್ಸಿಲ್ಲದವಳನ್ನು ಎಷ್ಟು ದಿನ ಇಟ್ಟುಕೊಳ್ಳುವುದು, ಆ ಸೀಟಿಗೆ ಕಾಯುವವರಿದ್ದಾರೆ. ಅಂಜಿನಯ್ಯ ಹೂಂ ಎಂದ. ಆಮೇಲೂ ಹೂಂ ಎಂದ. ಫೋನು ಕೆಳಗಿಟ್ಟ.

ಮೊದಲು ಹುಡುಗಿಯನ್ನು ಕರೆತಂದು ಕೂರಿಸಿದರೆ ಹೇಗಾದರೂ ಸರಿಹೋದೀತು ಎಂದುಕೊಂಡು ಸಂಡೂರಿಗೆ ಹೊರಟ. ಅದಿರಿನ ಲಾರಿಗಳ ಹಿಂದೆ ಬಸ್ಸು ತೆವಳುತ್ತ ಹೋಯಿತು. ಗುಡ್ಡದಡಿಯ ರಾಶಿಯ ಹತ್ತಿರ ಹೆಂಗಸರ ಸಾಲಿನಲ್ಲಿ ಸುಂಕಲಮ್ಮ ಕುಕ್ಕರಗಾಲಲ್ಲಿ ಕೂತು ಕಲ್ಲು ಆರಿಸುತ್ತಿದ್ದಳು. ರೆಪ್ಪೆಯವರೆಗೂ ಕೆಂಧೂಳು. ಅವನನ್ನು ಕಂಡದ್ದೇ ಎದ್ದು ಬಂದಳು.

“ಮೇಡಂ ನನ್ನ ಕೇಳಿದ್ರೇನ್ ತಾತ?”

ಅವನು ಹೆಗಲ ಮೇಲಿನ ಟವೆಲ್ಲಿನಿಂದ ಮುಖದ ಧೂಳು ಒರೆಸಿಕೊಂಡ. ಅವಳೇ ಮುಂದುವರಿಸಿದಳು.

“ಕೆಂಪಾದ್ರ ಹುಡುಕ್ಕೊಂಡ್ ಬರ್ತೀನಿ ಅಂದಿದ್ರಲ್ಲ. ಸೇರೂಮುಂದ ಬಾಜೂ ಮನಿ ಜಂಬಮ್ಮನ ನಂಬರ್ ಕೊಟ್ಟಿದ್ದೆ. ದಿನಾ ಸಂಜಿಮುಂದ ಅಕಿ ಮನಿ ಕಟ್ಟಿ ಮ್ಯಾಲ ಕುಂದ್ರತಿದ್ದೆ. ಯಾರೂ ಫೋನ್ ಮಾಡ್ಲಿಲ್ಲ. ಆಮ್ಯಾಲ ಕುಂದ್ರೂದು ಬಿಟ್ಟೆ. ಹಂಗೆಲ್ಲಾ ಹುಡುಕೋದು ನಮ್ಮಂಥೋರನ್ನಲ್ಲ ಅಂತ ಗೊತ್ತಾತು.”

ದೂರಿನ ದನಿಯಲ್ಲ, ಸುದ್ದಿ ಹೇಳುವವರ ದನಿ. ಬೈದಿದ್ದರೆ ಅಂಜಿನಯ್ಯ ಬದುಕಿಕೊಳ್ಳುತ್ತಿದ್ದ. ಹೇಳಿಬಿಡಬೇಕೆಂದು ಬಾಯಿ ತೆರೆದ, ಕೊನೆಗೆ ಬಂದದ್ದು ಅವ್ವನ ಕಾಲು ಹೇಗಿದೆ ಎಂಬ ಮಾತು. ಥೂ ಎಂದು ತನ್ನನ್ನೇ ಉಗಿದುಕೊಳ್ಳುತ್ತ ವಾಪಸು ಬಸ್ಸು ಹತ್ತಿದ.

ದಾರಿಯುದ್ದಕ್ಕೂ ಲೆಕ್ಕ ಬೇರೆ ಬೇರೆ ಥರ ಹಾಕಿದ. ಬಾಯಿ ಬಿಟ್ಟರೆ ತನ್ನ ಕೆಲಸ ಹೋಗುತ್ತದೆ. ಇಡೀ ಕೇಂದ್ರದ ಮೇಲೆ ಟ್ರಸ್ಟಿನವರಿಗೆ ಅನುಮಾನ ಬಂದು ಮುಚ್ಚಿದರೆ ಉಳಿದ ಮಕ್ಕಳ ಗತಿಯೇನು. ಅಂಜಿದವನಿಗೆ ನೆಪಗಳಿಗೇನು ಬರವೇ. ಮನೆಯಲ್ಲಿ ರೊಟ್ಟಿಯ ತಟ್ಟೆ ಪಕ್ಕಕ್ಕೆ ಸರಿಸಿ ಹೆಂಡತಿಗೆ ನಡೆದದ್ದನ್ನು ಹೇಳಿದ. ಎಲ್ಲ ಕೇಳಿಸಿಕೊಂಡ ಹಂಪಮ್ಮ, ನೀವು ಕದ್ದಿಲ್ಲ, ತಿಂದಿಲ್ಲ, ಒಳ್ಳೇದಕ್ಕೇ ಮಾಡಿದ್ದಲ್ಲವೇ ಎಂದು ಸಮಾಧಾನ ಹೇಳಿದಳು. ಅದೇ ಅವನನ್ನು ಹೆಚ್ಚು ಸುಟ್ಟಿತು.

ಆಗ ಅವನಿಗೆ ಮೂಕಣ್ಣ ನೆನಪಾದ. ಕೆಮ್ಮುತ್ತಿದ್ದ ಕೂಲಿ. ಅವನ ಬಿಲ್ಲೆಯನ್ನು ಒಂದು ಸಲ ಬಹಳ ದಿನ ತಿರುವಿದ್ದ ಅಂಜಿನಯ್ಯ. ಕೂಲಿಯೇನೋ ಮನೆಗೆ ಮುಟ್ಟಿತು. ಆದರೆ ಹಲಗೆಯ ಮೇಲೆ ದಿನಾ ಬರುತ್ತಿದ್ದವನು ಯಾಕೆ ಕಾಣುತ್ತಿಲ್ಲ ಎಂದು ಯಾರೂ ಹೋಗಿ ನೋಡಲಿಲ್ಲ. ತಾನೂ ಹೋಗಿರಲಿಲ್ಲ. ಬಿಲ್ಲೆ ತಿರುವಿದರೆ ತನ್ನ ಕರ್ತವ್ಯ ಮುಗಿಯಿತು ಎಂದೇ ಅಷ್ಟು ವರ್ಷ ತಿಳಿದಿದ್ದ. ಮೂಕಣ್ಣ ಮತ್ತೆ ಗುಡ್ಡ ಹತ್ತಲಿಲ್ಲ.

ಬೆಳಿಗ್ಗೆ ಕೇಂದ್ರದ ಬಾಗಿಲು ತೆಗೆದವನೇ ಮೇಡಂಗೆ ಫೋನು ಮಾಡಿ, ಏನನ್ನೂ ಬಚ್ಚಿಡದೆ ಹೇಳಿದ.

“ಅವಳ ಹೆಸರು ಒಮ್ಮೆ ಕೆಂಪಾಗಿದ್ದರೆ ಅವತ್ತೇ ಮಾತಾಡುತ್ತಿದ್ದೆ,” ಎಂದರು ಶ್ರೀಪ್ರಿಯಾ. “ಇಂಥ ಕಷ್ಟ ಬಂದವರಿಗೆ ಪಾಠಗಳನ್ನು ಅಚ್ಚು ಹಾಕಿ ಮನೆಗೇ ಕಳಿಸುತ್ತೇವೆ. ಕೆಂಪು ಇರುವುದೇ ಅದಕ್ಕೆ, ಅಂಜಿನಯ್ಯನವರೇ. ನೀವು ಅದನ್ನು ಅಳಿಸಿಬಿಟ್ಟಿರಿ.”

ಅವತ್ತೇ ಜಂಬಮ್ಮನ ಫೋನಿಗೆ ಮೇಡಂ ಕರೆ ಹೋಯಿತು. ಸುಂಕಲಮ್ಮನಿಗೆ ನಡೆದದ್ದೆಲ್ಲ ಅವರ ಬಾಯಿಂದಲೇ ತಿಳಿಯಿತು. ಕಳೆದ ಪಾಠಗಳನ್ನು ಹಿಡಿಯುವ ಕಾಲ ಮೀರಿತ್ತು. ಜೂನಿನಲ್ಲಿ ಮೊದಲಿನಿಂದ ಓದಬಹುದು ಎಂದರು. ಒಂದು ವರ್ಷ ಹೋಯಿತು, ಸೀಟು ಉಳಿಯಿತು. ಅಂಜಿನಯ್ಯನ ಕೆಲಸಕ್ಕೆ ಬೇರೆಯವರು ಬಂದರು. ಕೇಂದ್ರವೇನೂ ಮುಚ್ಚಲಿಲ್ಲ.

ಅವನು ಗೋದಾಮಿನ ಎದುರಿನ ಚಹಾದಂಗಡಿಯಲ್ಲಿ ಗಲ್ಲಾಕ್ಕೆ ಕೂತ. ಬೇರೆಲ್ಲೂ ಕೆಲಸ ಸಿಗುತ್ತಿರಲಿಲ್ಲವೆಂದಲ್ಲ. ಜೂನಿನಿಂದ ಸುಂಕಲಮ್ಮ ದಿನಾ ಎದುರಿನ ಮೆಟ್ಟಿಲು ಹತ್ತುವುದು ಅಲ್ಲಿಂದ ಕಾಣುತ್ತಿತ್ತು. ಅವಳೂ ಅವನನ್ನು ನೋಡುತ್ತಿದ್ದಳು, ತಲೆ ಆಡಿಸುತ್ತಿದ್ದಳು, ಆದರೆ ರಸ್ತೆ ದಾಟಿ ಈ ಕಡೆ ಬರುತ್ತಿರಲಿಲ್ಲ. ಕ್ಷಮಿಸು ಎಂದು ಕೇಳಲು ಅವನಿಗೂ ರಸ್ತೆ ದಾಟಲಾಗಲಿಲ್ಲ.

ಶ್ರಾವಣದಲ್ಲಿ ಒಂದು ದಿನ ಸಂಡೂರಿನ ಬಸ್ಸು ಬಂತು, ಅವಳು ಬರಲಿಲ್ಲ. ಮುಂದಿನ ಬಸ್ಸಿಗೂ ಬರಲಿಲ್ಲ. ಅಂಜಿನಯ್ಯ ಗಲ್ಲಾ ಬಿಟ್ಟೆದ್ದು, ಬಾಯಿಪಾಠವಾಗಿದ್ದ ಜಂಬಮ್ಮನ ನಂಬರು ಒತ್ತಿದ. ಜಂಬಮ್ಮ ಹುಡುಗಿಯನ್ನು ಕೂಗಿ ಫೋನು ಕೊಟ್ಟಳು. ಅವನು ಹಿಂದೆಂದೂ ಕೇಳದಿದ್ದ ಮಾತನ್ನು ಕೇಳಿದ.

“ಯಾಕವ್ವ, ಇವತ್ತು ಬರ್ಲಿಲ್ಲ?”

ಅವ್ವನ ಕಾಲು ಮತ್ತೆ ಬಾತಿದೆ, ದವಾಖಾನೆಗೆ ಹೊರಟಿದ್ದೇನೆ, ಮೇಡಂಗೆ ಆಗಲೇ ಹೇಳಿದ್ದೇನೆ ಎಂದಳು ಸುಂಕಲಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಮೆಲ್ಲಗೆ ಇನ್ನೊಂದು ಮಾತು ಸೇರಿಸಿದಳು.

“ನೀವೇನೂ ಮಾಡಬ್ಯಾಡ್ರಿ ತಾತ.”

“ಇಲ್ಲವ್ವ,” ಎಂದ ಅಂಜಿನಯ್ಯ. “ನಾ ಏನೂ ಮಾಡಂಗಿಲ್ಲ.”